ಆಕಾಶದ ಒಲೆಗೆ ಹಾಕಿದ ಬೆಸುಗೆ

ಕೂಲಿ, ಬೋನಸ್ಸು, ಪ್ರಾವಿಡೆಂಟ್ ಫಂಡು, ಅಂಗಡಿಕಾರರ ಮೇಲಿನ ತೆರಿಗೆ, ಇವುಗಳ ವಿಚಾರ ಬರೆಯುವ ಈ ಪುಟದಲ್ಲಿ ಈ ವಾರ ನಾವು ಆಕಾಶದ ಮಾತು ಎತ್ತಿಕೊಂಡಿದ್ದೇವೆ. ಓದುಗ ಬಂಧುಗಳು ಹುಬ್ಬೇರಿಸಬಾರದು. ಮಾತು ಆಕಾಶದ್ದಾದರೂ ವಿಷಯ ಬೆಸುಗೆಯದು. ಬೆಸುಗೆ ಎಂದ ಮೇಲೆ ಅದು ದುಡಿಯುವವನ ಕೈಯ ವಿಷಯ. ದುಡಿಯುವವನ ಕೈಯ ವಿಷಯ ಈ ಪತ್ರಿಕೆಯಲ್ಲಿ ಬರದೆ ಇನ್ನೆಲ್ಲಿ ಬರಬೇಕು?

2023ನೆಯ ಇಸವಿ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ ಎಂಬ ವಾಹನ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದ ಮೇಲೆ ಕಾಲೂರಿದಾಗ ನಾಡಿನ ಬೀದಿ ಬೀದಿಗಳಲ್ಲಿ ಪಟಾಕಿ ಹಾರಿತು, ಪೇಡೆ ಹಂಚಿದರು. ಹಂಚಬೇಕಾದದ್ದೇ. ಅದಾದ ಎರಡು ವಾರದೊಳಗೆ ಚಂದ್ರನಲ್ಲಿ ರಾತ್ರಿಯಾಯಿತು. ಅಲ್ಲಿನ ಒಂದು ರಾತ್ರಿ ಎಂದರೆ ನಮ್ಮ ಹದಿನಾಲ್ಕು ದಿನ. ಚಳಿ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಸೆಪ್ಟೆಂಬರ್ 22ರ ಹೊತ್ತಿಗೆ ಅಲ್ಲಿ ಮತ್ತೆ ಬೆಳಗಾದಾಗ ಎಷ್ಟು ಕರೆದರೂ ವಿಕ್ರಮ ಏಳಲಿಲ್ಲ. ಬಿಸಿಲನ್ನೇ ನಂಬಿದ ಯಂತ್ರ ಅದು. ರಾತ್ರಿಯ ಚಳಿ ಕಾಯಿಸಿಕೊಳ್ಳಲು ಅದರ ಬಳಿ ಒಲೆ ಇರಲಿಲ್ಲ.

ಒಲೆ ಇದ್ದದ್ದು ಅದೇ ಯಾತ್ರೆಯ ಬೇರೊಂದು ಭಾಗದಲ್ಲಿ. ವಿಕ್ರಮನನ್ನು ಚಂದ್ರನ ಬಳಿಗೆ ನೂಕಿಕೊಂಡು ಹೋದ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ ನಮ್ಮ ಅಣುಶಕ್ತಿ ಇಲಾಖೆಯವರು ಮಾಡಿಕೊಟ್ಟ ಒಂದೊಂದು ವ್ಯಾಟಿನ ಎರಡು ಪುಟ್ಟ ಅಗ್ಗಿಷ್ಟಿಕೆಗಳನ್ನು ಇಟ್ಟಿದ್ದರು. ಸಾರ್ವಜನಿಕರಿಗೆ ಈ ಸುದ್ದಿ ಪತ್ರಿಕೆಗಳ ಮೂಲಕ ತಿಳಿದದ್ದು ಡಿಸೆಂಬರಿನಲ್ಲಿ, ಜುಲೈ 14ರ ಉಡಾವಣೆಯಾಗಿ ಐದು ತಿಂಗಳು ಸಮೀಪಿಸಿದ ಮೇಲೆ. ಅಷ್ಟರಲ್ಲಿ ಆ ಭಾಗವನ್ನು ಚಂದ್ರನ ಸುತ್ತಿನಿಂದ ಬಿಡಿಸಿ ಭೂಮಿಯ ಸುತ್ತಿಗೆ, ಲಕ್ಷ ಕಿಲೋಮೀಟರಿಗೂ ಮೇಲಿನ ಎತ್ತರಕ್ಕೆ, ತಂದೂ ಆಗಿತ್ತು. ಎರಡು ವ್ಯಾಟು ಎಂದರೆ ಏನೂ ಅಲ್ಲ, ದೇವರ ಮನೆಯ ಪುಟ್ಟ ಬಲ್ಬಿನಷ್ಟು. ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಇದು ಮೊದಲ ಹೆಜ್ಜೆ. ಒಂದು ವ್ಯಾಟಿನಿಂದ ಶುರುವಾದದ್ದು ನೂರು ವ್ಯಾಟಿಗೆ ಹೋಗದೆ ಇರುವುದಿಲ್ಲ. ಆದ್ದರಿಂದ ಇದೇ ದಾರಿಯಲ್ಲಿ ಅರವತ್ತು ವರ್ಷ ನಡೆದವರ ಅನುಭವವನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಅಮೆರಿಕದವರು ಇಂಥ ಒಲೆಯನ್ನು ಮೊದಲು ಆಕಾಶಕ್ಕೆ ಏರಿಸಿದ್ದು 1961ರ ಜೂನಿನಲ್ಲಿ. ಈ ಒಲೆಗೆ ಸೌದೆ ಬೇಡ, ಇದ್ದಿಲು ಬೇಡ, ಊದುವ ಗಾಳಿಯೂ ಬೇಡ. ಪ್ಲುಟೋನಿಯಂ-238 ಎಂಬ ಧಾತು ತನ್ನಷ್ಟಕ್ಕೆ ತಾನು ಸವೆಯುತ್ತಾ ಬಿಸಿ ಕೊಡುತ್ತಿರುತ್ತದೆ. ಇಂದು ಇರುವುದರಲ್ಲಿ ಅರ್ಧ ಸವೆಯಲು ಸುಮಾರು 88 ವರ್ಷ ಬೇಕು. ಎರಡು ಜಾತಿಯ ಲೋಹ ಅಥವಾ ಅರೆಲೋಹದ ಕಡ್ಡಿಗಳನ್ನು ಕೂಡಿಸಿ, ಒಂದು ತುದಿಯನ್ನು ಈ ಬಿಸಿಗೂ ಇನ್ನೊಂದು ತುದಿಯನ್ನು ಆಕಾಶದ ತಂಪಿಗೂ ಒಡ್ಡಿದರೆ ಅವುಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಚಕ್ರವಿಲ್ಲ, ಪಟ್ಟೆಯಿಲ್ಲ, ಎಣ್ಣೆ ಬಿಡುವವನಿಲ್ಲ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳು 2025ರಲ್ಲೂ ಭೂಮಿಗೆ ಸುದ್ದಿ ಕಳಿಸುತ್ತಿದ್ದುದು ಈ ಒಲೆಯ ಬಲದಿಂದ. ಮಂಗಳದ ಮೇಲೆ 2012ರಲ್ಲಿ ಇಳಿದ ಕ್ಯೂರಿಯಾಸಿಟಿ, 2021ರಲ್ಲಿ ಇಳಿದ ಪರ್ಸಿವಿಯರೆನ್ಸ್, ಎರಡೂ ಇದರ ಮೇಲೆಯೇ ಬದುಕಿದವು. ಒಂದೊಂದರಲ್ಲೂ ಸುಮಾರು 4.8 ಕಿಲೋ ಇಂಧನ. ಹುಟ್ಟುವ ವಿದ್ಯುತ್ತು ಮೊದಲ ದಿನ ಸುಮಾರು 110 ವ್ಯಾಟು, ಅಂದರೆ ಒಂದೆರಡು ಸೀಲಿಂಗ್ ಫ್ಯಾನು ತಿರುಗುವಷ್ಟು. ಅಷ್ಟಕ್ಕೇ ಇಷ್ಟು ಕಷ್ಟ.

ಕಷ್ಟ ಏಕೆಂದರೆ ಈ ಇಂಧನ ವಿಷ. ಇದರ ಕಿರಣವನ್ನು ಒಂದು ಹಾಳೆ ಕಾಗದ ತಡೆಯಬಲ್ಲದು, ನಿಜ. ಆದರೆ ಇದೇ ಪುಡಿಯಾಗಿ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಯೇ ಕೂತು ಒಳಗಿನಿಂದ ಸುಡುತ್ತದೆ. ಹತ್ತಿಯ ದೂಳು ಕುಡಿದು ಎದೆ ಕೆಡಿಸಿಕೊಂಡ ನಮ್ಮ ಬ್ಲೋ ರೂಮಿನ ಹಳೆಯ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಇಡೀ ಪ್ರಶ್ನೆ ಒಂದೇ: ಡಬ್ಬಿ ಒಡೆಯಬಾರದು.

ಮೊದಲು ಅವರು ಹಾಗೆ ಯೋಚಿಸಿರಲಿಲ್ಲ. ರಾಕೆಟ್ಟು ಕೈಕೊಟ್ಟು ಒಲೆ ಕೆಳಗೆ ಬಿದ್ದರೆ ಮೇಲಿನ ಗಾಳಿಯಲ್ಲೇ ಸುಟ್ಟು ಚೂರಾಗಿ ಹರಡಿಹೋಗಲಿ, ಎಲ್ಲರ ಪಾಲಿಗೂ ಅಷ್ಟಷ್ಟು ಬಂದರೆ ಯಾರಿಗೂ ಬಾಧೆಯಿಲ್ಲ ಎಂಬುದು ಆಗಿನ ಲೆಕ್ಕ. ವಿಷ ಹಂಚುವುದರಲ್ಲಿ ಮಾತ್ರ ಎಂಥ ಸಮತಾವಾದ ನೋಡಿ! 1964ರ ಏಪ್ರಿಲಿನಲ್ಲಿ ಹಾಗೆಯೇ ಆಯಿತು. ಒಂದು ಉಪಗ್ರಹ ಕಕ್ಷೆಗೆ ಏರದೆ ಮರಳಿ ಬಿತ್ತು, ಅದರಲ್ಲಿದ್ದ ಸುಮಾರು ಒಂದು ಕಿಲೋ ಪ್ಲುಟೋನಿಯಂ ವಾಯುಮಂಡಲದಲ್ಲಿ ಸುಟ್ಟು ಭೂಮಂಡಲಕ್ಕೆಲ್ಲ ಹರಡಿತು. ಆಮೇಲೆ ನಿಯಮ ತಿರುಗಿತು: ಸುಡುವಂತೆ ಅಲ್ಲ, ಸುಡದಂತೆ ಮಾಡಬೇಕು, ಬಿದ್ದರೂ ಒಡೆಯದಂತೆ ಮಾಡಬೇಕು. 1968ರ ಮೇ ತಿಂಗಳಲ್ಲಿ ನಿಂಬಸ್ ಎಂಬ ಹವಾಮಾನ ಉಪಗ್ರಹದ ರಾಕೆಟ್ಟನ್ನು ದಾರಿತಪ್ಪಿದ್ದಕ್ಕಾಗಿ ನಾಶಮಾಡಬೇಕಾಯಿತು. ಒಲೆ ಕ್ಯಾಲಿಫೋರ್ನಿಯಾದ ಕಡಲಿಗೆ ಬಿತ್ತು. ತಿಂಗಳುಗಳ ಮೇಲೆ ಎತ್ತಿ ನೋಡಿದರೆ ಡಬ್ಬಿಗಳು ಇದ್ದ ಹಾಗೇ ಇದ್ದವು. ಆ ಇಂಧನವನ್ನೇ ಮರಳಿ ಬಳಸಿದರು. 1970ರಲ್ಲಿ ಅಪೋಲೋ-13 ಜೀವ ಉಳಿಸಿಕೊಂಡು ಹಿಂತಿರುಗಿದಾಗ ಅದರ ಒಲೆ ಪೆಸಿಫಿಕ್ ಸಾಗರದ ತೋಂಗಾ ಕಂದಕದ ಕಡೆ ಮುಳುಗಿತು. ಸೋರಿಕೆಯ ಕುರುಹು ಕಾಣಲಿಲ್ಲ.

ಈಗ ಬೆಸುಗೆಗೆ ಬರೋಣ. ಹಳೆಯ ಮೇಷ್ಟರ ಚಾಳಿ, ಸ್ವಲ್ಪ ಪಾಠದಂತೆ ಕಂಡರೆ ಸಹಿಸಿಕೊಳ್ಳಬೇಕು.

ಇಂಧನದ ಒಂದು ಬಿಲ್ಲೆ ಅಂಗುಲಕ್ಕಿಂತ ತುಸು ಹೆಚ್ಚು ಉದ್ದ, ಅಷ್ಟೇ ದಪ್ಪ. ತೂಕ ಸುಮಾರು 150 ಗ್ರಾಂ. ತನ್ನ ಬಿಸಿಗೆ ತಾನೇ ಕೆಂಪಾಗಿ ಹೊಳೆಯುತ್ತದೆ. ಇದನ್ನು ಉಕ್ಕಿನ ಡಬ್ಬಿಯಲ್ಲಿ ಇಡಲಾಗದು. ವರ್ಷಗಟ್ಟಲೆ ಸಾವಿರ ಡಿಗ್ರಿಗೆ ಮೇಲೆ ಇರಬೇಕು, ಬಿದ್ದಾಗ ಇನ್ನೂ ಬಿಸಿಯಾಗಬೇಕು, ನೆಲಕ್ಕೆ ಅಪ್ಪಳಿಸಿದರೂ ಸೀಳಬಾರದು, ಒಳಗಿನ ವಿಷದೊಡನೆ ತಾನು ಬೆರೆಯಬಾರದು. ಚಿನ್ನ 1064 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1768ಕ್ಕೆ. ಒಂದು ವ್ಯಾಟಿನ ಸಣ್ಣ ಅಗ್ಗಿಷ್ಟಿಕೆಗಳಿಗೆ ಅಮೆರಿಕದವರು ಪ್ಲಾಟಿನಂಗೆ ನೂರಕ್ಕೆ ಮೂವತ್ತು ಪಾಲು ರೋಡಿಯಂ ಬೆರಸಿ ಡಬ್ಬಿ ಮಾಡಿದರು. ದೊಡ್ಡ ಒಲೆಗೆ ಅದೂ ಸಾಲದು. ಆಗ ಹಿಡಿದದ್ದು ಇರಿಡಿಯಂ. ಕರಗುವುದು ಸುಮಾರು 2446 ಡಿಗ್ರಿಗೆ. ನೀರಿಗಿಂತ ಇಪ್ಪತ್ತೆರಡು ಪಟ್ಟು ಭಾರ. ಇಡೀ ಜಗತ್ತಿನ ವರ್ಷದ ಹುಟ್ಟುವಳಿ ಹತ್ತು ಟನ್ನಿಗೂ ಕಡಿಮೆ. ಒಂದೇ ಲಾರಿ ಹೊರಬಲ್ಲದು. ಚಿನಿವಾರ ಪೇಟೆಯ ವ್ಯಾಪಾರಿಗಳಿಗೆ ಒಂದು ಮಾತು: 2021ರಲ್ಲಿ ಇದರ ಧಾರಣೆ ಚಿನ್ನದ ಮೂರು ಪಟ್ಟು ಮೀರಿತ್ತು.

ಆದರೆ ಇರಿಡಿಯಂ ಮೊಂಡು ಲೋಹ. ಯಾವ ಲೋಹವೂ ಸಣ್ಣ ಸಣ್ಣ ಹರಳುಗಳು ಒತ್ತೊತ್ತಾಗಿ ಕೂತು ಆದದ್ದು. ಇರಿಡಿಯಂನಲ್ಲಿ ಹರಳು ಗಟ್ಟಿ, ಹರಳು ಹರಳಿನ ನಡುವಿನ ಹಿಡಿತ ಸಡಿಲ. ಜೋರಾಗಿ ಹೊಡೆದರೆ ಗೋಡೆಯ ಗಾರೆ ಬಿಟ್ಟು ಇಟ್ಟಿಗೆ ಉದುರಿದ ಹಾಗೆ ಬಿಡಿಬಿಡಿಯಾಗುತ್ತದೆ. ಟೆನೆಸ್ಸೀ ಪ್ರಾಂತದ ಓಕ್ ರಿಜ್ ಪ್ರಯೋಗಾಲಯದವರು ಇದಕ್ಕೆ ಮದ್ದು ಹುಡುಕಿದರು. ಚಿಟಿಕೆ ಥೋರಿಯಂ ಬೆರಸಿದರೆ ಅದು ಹರಳುಗಳ ಸಂದಿಗೆ ಹೋಗಿ ಕೂತು ಹಿಡಿತ ಬಿಗಿಮಾಡುತ್ತದೆ. ನಮ್ಮ ಹೆಂಗಸರು ಹಾಲಿಗೆ ಹಾಕುವ ಹೆಪ್ಪಿಗಿಂತಲೂ ಕಡಿಮೆ.

ಇನ್ನೀಗ ತೊಡಕು ಶುರು. ಬಿಲ್ಲೆಯನ್ನು ಇರಿಡಿಯಂನ ಎರಡು ಪುಟ್ಟ ಬಟ್ಟಲುಗಳ ನಡುವೆ ಇಟ್ಟು, ಬಾಯಿಗೆ ಬಾಯಿ ಕೂಡಿಸಿ, ಸೊಂಟದ ಸುತ್ತ ಒಂದೇ ಸುತ್ತು ಬೆಸುಗೆ ಹಾಕಬೇಕು. ಬಟ್ಟಲಿನ ದಪ್ಪ ಮಿಲಿಮೀಟರಿನ ಹತ್ತರಲ್ಲಿ ಆರು ಭಾಗ. ನಮ್ಮ ಅಕ್ಕಸಾಲಿ ಬಿಳಿಗಾರ ಹಚ್ಚಿ, ಊದುಗೊಳವೆಯಿಂದ ಉರಿ ಊದಿ, ಬಳೆಯ ತುದಿಗಳನ್ನು ಕೂಡಿಸುವಾಗ ಬಳೆಗಿಂತ ಬೇಗ ಕರಗುವ ಬೆರಕೆ ಚೂರೊಂದನ್ನು ನಡುವೆ ಇಡುತ್ತಾನೆ. ಇಲ್ಲಿ ಅದು ನಡೆಯದು; ಬೇಗ ಕರಗುವುದನ್ನು ನಡುವೆ ಇಟ್ಟರೆ ನಾಳೆ ಬೆಂಕಿಯಲ್ಲಿ ಅದೇ ಮೊದಲು ಬಿಟ್ಟುಕೊಡುತ್ತದೆ. ಆದ್ದರಿಂದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಹೊರಡುವ ಆರ್ಕ್ ಉರಿಯಲ್ಲಿ ಬಟ್ಟಲಿನ ಲೋಹವನ್ನೇ ಕರಗಿಸಿ ಬಟ್ಟಲಿಗೆ ಕೂಡಿಸಬೇಕು. ಕೆಲಸ ನಡೆಯುವುದು ಮುಚ್ಚಿದ ಪೆಟ್ಟಿಗೆಯೊಳಗೆ, ಮಾಮೂಲು ಗಾಳಿ ತೆಗೆದು ಜಡ ಅನಿಲ ತುಂಬಿದ ಜಾಗದಲ್ಲಿ. ಪೆಟ್ಟಿಗೆಯ ಗೋಡೆಗೆ ಜೋಡಿಸಿದ ದಪ್ಪ ಗವಸಿನೊಳಗೆ ಕೈ ತೂರಿಸಿ ಮಾಡಬೇಕು. ಡಬ್ಬಿ ತಿರುಗುತ್ತದೆ, ಉರಿ ನಿಂತಿರುತ್ತದೆ, ಒಳಗಿನ ಬಿಲ್ಲೆಗೆ ಉರಿ ತಾಕದಂತೆ ಒಂದು ತೆಳು ಇರಿಡಿಯಂ ಪಟ್ಟಿ ಅಡ್ಡ ಇರುತ್ತದೆ.

ಆಗ ಏನಾಯಿತೆಂದರೆ, ಹಿಡಿತ ಬಿಗಿಮಾಡಲು ಹಾಕಿದ ಥೋರಿಯಂ ಬೆಸುಗೆಯಲ್ಲಿ ಶತ್ರುವಾಯಿತು. ಅದು ಇರಿಡಿಯಂನೊಡನೆ ಸೇರಿ ಹರಳುಗಳ ಸಂದಿಯಲ್ಲಿ ಬೇಗ ಕರಗುವ ಪದರ ಕಟ್ಟಿತು. ಅಕ್ಕಸಾಲಿಯ ಆ ಬೆರಕೆ ಚೂರು ಯಾರೂ ಇಡದೆಯೇ ಒಳಗೆ ಹುಟ್ಟಿಕೊಂಡ ಹಾಗೆ. ಬೆಸುಗೆ ಆರುವಾಗ ಸುತ್ತಲಿನ ಲೋಹ ಗಟ್ಟಿಯಾಗಿ ಕುಗ್ಗುತ್ತದೆ, ಈ ಪದರ ಇನ್ನೂ ನೀರಾಗಿಯೇ ಇರುತ್ತದೆ. ಎಳೆತಕ್ಕೆ ಅಲ್ಲಿಯೇ ಸೀಳು. ಥೋರಿಯಂ ಹತ್ತು ಲಕ್ಷಕ್ಕೆ 200 ಪಾಲಿದ್ದಾಗ ಬೆಸುಗೆ ಸೀಳುತ್ತಿತ್ತು. 60ಕ್ಕೆ ಇಳಿಸಿದರು: ಸಾವಿರ ಕಿಲೋ ಲೋಹಕ್ಕೆ 60 ಗ್ರಾಂ ಥೋರಿಯಂ, 50 ಗ್ರಾಂ ಅಲ್ಯೂಮಿನಿಯಂ, 3 ಕಿಲೋ ಟಂಗ್‌ಸ್ಟನ್. ಅದಕ್ಕಿಂತ ಹೆಚ್ಚಾದರೆ ಬೆಸುಗೆ ಸೀಳುತ್ತದೆ, ತೀರಾ ಕಡಿಮೆಯಾದರೆ ಡಬ್ಬಿ ಒಡೆಯುತ್ತದೆ.

ಅಷ್ಟಾದರೂ ಕಾಟ ತಪ್ಪಲಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾದ ಸವಾನಾ ರಿವರ್ ಕಾರ್ಖಾನೆಯಲ್ಲಿ ಗುರು ಗ್ರಹಕ್ಕೆ ಹೋಗಬೇಕಾದ ಗೆಲಿಲಿಯೋ ನೌಕೆಗಾಗಿ ಡಬ್ಬಿಗಳನ್ನು ಮುಚ್ಚುವಾಗ, ಸುತ್ತು ಮುಗಿದು ಬೆಸುಗೆಯ ಕೊನೆ ಬೆಸುಗೆಯ ಮೊದಲಿನ ಮೇಲೆ ಏರುವ ಜಾಗದ ಅಡಿಯಲ್ಲಿ ಕೂದಲೆಳೆಯ ಬಿರುಕುಗಳು ಸಿಕ್ಕವು. ಕಣ್ಣಿಗೆ ಕಾಣದವು, ಸದ್ದಿನ ಅಲೆ ಹಾಯಿಸಿ ಪರೀಕ್ಷಿಸಿದಾಗ ಕಂಡವು. ವೆಲ್ಡಿಂಗ್ ಕೆಲಸ ಬಲ್ಲ ನಮ್ಮ ಸಂಗಾತಿಗಳು ಇದನ್ನು ಓದಿ ತಲೆದೂಗಿಯಾರು. ಸುತ್ತು ಬೆಸುಗೆ ಕೈಕೊಡುವುದು ಯಾವಾಗಲೂ ಕೊನೆ ಕೂಡಿಸುವಲ್ಲಿ. ಅವರು ಕೊನೆಗೆ ಮಾಡಿದ ಉಪಾಯ ಚೆನ್ನಾಗಿದೆ: ಉರಿಯ ಸುತ್ತ ನಾಲ್ಕು ಧ್ರುವಗಳ ವಿದ್ಯುತ್ ಅಯಸ್ಕಾಂತ ಇಟ್ಟು, ಉರಿ ಒಂದೇ ಕಡೆ ನೇರ ನಿಲ್ಲದೆ ಸಣ್ಣದಾಗಿ ಓಲಾಡುವಂತೆ ಮಾಡಿದರು. ಕರಗಿದ ಲೋಹ ಕಲಕಿ ಹರಳುಗಳು ಸಣ್ಣವಾದವು, ಬಿರುಕು ಹತೋಟಿಗೆ ಬಂತು. ಡಬ್ಬಿಯ ಇನ್ನೊಂದು ಚಮತ್ಕಾರವನ್ನೂ ಹೇಳಬೇಕು. ಪ್ಲುಟೋನಿಯಂ ಸವೆಯುವಾಗ ಹೀಲಿಯಂ ಅನಿಲ ಬಿಡುತ್ತದೆ. ಪೂರಾ ಮುಚ್ಚಿದರೆ ಡಬ್ಬಿ ಉಬ್ಬಿ ಒಡೆದೀತು. ಅದಕ್ಕಾಗಿ ಇರಿಡಿಯಂ ಪುಡಿಯನ್ನು ಒತ್ತಿ ಮಾಡಿದ ಒಂದು ಸೂಕ್ಷ್ಮ ಕಿಂಡಿ ಇಟ್ಟಿದ್ದಾರೆ. ಹೀಲಿಯಂ ಹೊರಕ್ಕೆ ನುಸುಳುತ್ತದೆ, ವಿಷ ಒಳಗೇ ಉಳಿಯುತ್ತದೆ. ಹೀಗೆ ಮುಚ್ಚಿದ ಡಬ್ಬಿಗಳನ್ನು ಕಾರ್ಬನ್ನಿನ ಕವಚದಲ್ಲಿಟ್ಟು, ಸೆಕೆಂಡಿಗೆ 55 ಮೀಟರಿನಷ್ಟು ವೇಗದಲ್ಲಿ ಅಪ್ಪಳಿಸಿ ನೋಡಿದರು. 1997ರಲ್ಲಿ ಶನಿ ಗ್ರಹಕ್ಕೆ ಹೊರಟ ಕ್ಯಾಸಿನಿಯಲ್ಲಿ ಇಂಥ ಡಬ್ಬಿಗಳು 216. ಅಂದರೆ 216 ಬೆಸುಗೆ, ಒಂದೂ ಹುಸಿಯಾಗಬಾರದು.

ಈ ಕೆಲಸ ಮಾಡಿದವರು ಯಾರು? ನೌಕೆಯ ಹೆಸರು ಮಕ್ಕಳ ಪುಸ್ತಕದಲ್ಲೂ ಬರುತ್ತದೆ. ಗವಸಿನೊಳಗೆ ಕೈಯಿಟ್ಟವನ ಹೆಸರು ಎಲ್ಲಿಯೂ ಇಲ್ಲ. ಈ ಕಾರ್ಖಾನೆಗಳ ಒಡೆತನ ಸರ್ಕಾರದ್ದು, ನಡೆಸುತ್ತಿದ್ದವರು ಕಂಪನಿಗಳು. ಸವಾನಾ ರಿವರ್ ಅನ್ನು 1989ರವರೆಗೆ ಡುಪಾಂಟ್ ನಡೆಸಿತು, ಓಕ್ ರಿಜ್ ಅನ್ನು 1984ರವರೆಗೆ ಯೂನಿಯನ್ ಕಾರ್ಬೈಡ್. ಈ ಎರಡನೆಯ ಹೆಸರನ್ನು ಭೋಪಾಲದ ನಾಡಿನವರಿಗೆ ಪರಿಚಯಿಸಬೇಕಾಗಿಲ್ಲ. ಅಮೆರಿಕದ ಅಣು ಕಾರ್ಖಾನೆಗಳಲ್ಲಿ ದುಡಿದವರಿಗೆ ಕ್ಯಾನ್ಸರ್, ಶ್ವಾಸಕೋಶದ ರೋಗ ಬಂದಾಗ ದಶಕಗಳ ಕಾಲ ಸಿಕ್ಕ ಉತ್ತರ ನಮ್ಮ ಕಾರ್ಮಿಕರಿಗೂ ಬಾಯಿಪಾಠ: ಕೆಲಸಕ್ಕೂ ಕಾಯಿಲೆಗೂ ಸಂಬಂಧವಿಲ್ಲ. 2000ನೆಯ ಇಸವಿಯ ಅಕ್ಟೋಬರಿನಲ್ಲಿ ಕಾಯಿದೆ ಬಂತು. ಕಾರ್ಮಿಕರನ್ನು ಅವರಿಗೆ ತಿಳಿಸದೆ, ಅವರ ಒಪ್ಪಿಗೆಯಿಲ್ಲದೆ ಅಪಾಯಕ್ಕೆ ಒಡ್ಡಲಾಯಿತು ಎಂದು ಆ ಕಾಯಿದೆಯಲ್ಲೇ ಒಪ್ಪಿಕೊಂಡರು; ರೋಗಿಗೆ, ಅವನು ಸತ್ತಿದ್ದರೆ ವಾರಸುದಾರರಿಗೆ, ಒಂದೂವರೆ ಲಕ್ಷ ಡಾಲರ್ ಗೊತ್ತುಮಾಡಿದರು. ಓಕ್ ರಿಜ್, ಸವಾನಾ ರಿವರ್, ಲಾಸ್ ಅಲಮೋಸ್ ಎಲ್ಲವೂ ಅದರೊಳಗೆ ಬಂದವು. ಮೊದಲ ಒಲೆ ಆಕಾಶಕ್ಕೆ ಹೋಗಿ ಆಗ 39 ವರ್ಷ ಕಳೆದಿತ್ತು. ಬಿರುಕು ಹುಡುಕುವ ಸದ್ದಿನ ಯಂತ್ರ ಲೋಹಕ್ಕೆ ಎಷ್ಟು ಬೇಗ ಬಂತು, ಮನುಷ್ಯನ ಎದೆಗೆ ಎಷ್ಟು ತಡವಾಗಿ ಬಂತು ಎಂಬುದನ್ನು ಓದುಗರೇ ಲೆಕ್ಕ ಹಾಕಲಿ.

ಲೋಹವಾದರೂ ಎಲ್ಲಿಂದ ಬಂತು? ಜಗತ್ತಿನ ಇರಿಡಿಯಂನಲ್ಲಿ ಬಹುಪಾಲು ದಕ್ಷಿಣ ಆಫ್ರಿಕದ ಪ್ಲಾಟಿನಂ ಗಣಿಗಳದ್ದು. ಪ್ಲಾಟಿನಂ ಅದಿರಿನೊಡನೆ ಕೊಸರಿನಂತೆ ಬರುವ ಲೋಹ ಇದು. 2012ರ ಆಗಸ್ಟ್ 6ರಂದು ಕ್ಯೂರಿಯಾಸಿಟಿ ಮಂಗಳದಲ್ಲಿ ಇಳಿಯಿತು. ಹತ್ತು ದಿನ ಕಳೆದು ಆಗಸ್ಟ್ 16ರಂದು ದಕ್ಷಿಣ ಆಫ್ರಿಕದ ಮಾರಿಕಾನಾ ಎಂಬಲ್ಲಿ ಪ್ಲಾಟಿನಂ ಗಣಿಯ ಮುಷ್ಕರ ನಿರತರ ಮೇಲೆ ಪೊಲೀಸರು ಗುಂಡು ಹಾರಿಸಿ 34 ಮಂದಿಯನ್ನು ಕೊಂದರು. ಬಂಡೆ ಕೊರೆಯುವವರು ಕೇಳಿದ್ದು ತಿಂಗಳಿಗೆ 12,500 ರ‍್ಯಾಂಡ್ ಸಂಬಳ. ಆ ಗಣಿಯ ಲೋಹವೇ ಮಂಗಳಕ್ಕೆ ಹೋಯಿತೆಂದು ನಾವು ಹೇಳುತ್ತಿಲ್ಲ. ಒಂದೇ ತಿಂಗಳ ಎರಡು ಸುದ್ದಿಗಳಲ್ಲಿ ಯಾವುದು ಮುಖಪುಟದಲ್ಲಿ ಎಷ್ಟು ದಿನ ನಿಂತಿತು ಎಂದು ಮಾತ್ರ ಕೇಳುತ್ತಿದ್ದೇವೆ.

ಇಲ್ಲಿ ಕೆಲವು ಗೆಳೆಯರು ಅನ್ನಬಹುದು: ಹಾಗಾದರೆ ಈ ಆಕಾಶದ ಗೊಡವೆಯೇ ಬೇಡ, ಹಸಿದವರ ದೇಶಕ್ಕೆ ಇದೆಲ್ಲ ಏಕೆ? ನಾವು ಆ ಪಕ್ಷದವರಲ್ಲ. ಮನುಷ್ಯನ ಕೈ ಮತ್ತು ಬುದ್ಧಿ ಕೂಡಿ ಮಾಡಿದ ಇಂಥ ಕೆಲಸ ಕಂಡರೆ ನಮಗೆ ಹೆಮ್ಮೆಯೇ. ನಮ್ಮ ತಕರಾರು ಗುಟ್ಟಿನ ಮೇಲೆ.

ಗುಟ್ಟು ಏನು ಮಾಡುತ್ತದೆಂಬುದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. 1964ರಲ್ಲಿ ಚೀನಾ ಅಣುಬಾಂಬು ಸಿಡಿಸಿದ ಮೇಲೆ, ಅಮೆರಿಕದ ಸಿ.ಐ.ಎ.ಯೂ ನಮ್ಮ ಬೇಹುಗಾರಿಕೆಯವರೂ ಕೂಡಿ 1965ರಲ್ಲಿ ಹಿಮಾಲಯದ ನಂದಾದೇವಿಯ ನೆತ್ತಿಯಲ್ಲಿ ಒಂದು ಕಳ್ಳಗಿವಿ ಯಂತ್ರ ಇಡಲು ಹೊರಟರು. ಅದಕ್ಕೆ ಬಲ ಕೊಡಲು ಇಂಥದೇ ಒಂದು ಪ್ಲುಟೋನಿಯಂ ಒಲೆ. ಅದನ್ನು ಹೊತ್ತ ಶೇರ್ಪಾಗಳಿಗೆ ಅದೇನೆಂದು ಗೊತ್ತಿರಲಿಲ್ಲ. ಬೆಚ್ಚಗಿದೆಯೆಂದು ಹೊರುವ ಸರದಿಗೆ ಪೈಪೋಟಿ ನಡೆಸಿದರೆಂದು ತಂಡದವರೇ ಮುಂದೆ ಹೇಳಿದರು. ಹಿಮಗಾಳಿ ಎದ್ದಿತು, ಸಾಮಾನನ್ನು ಬಂಡೆಗೆ ಕಟ್ಟಿ ಇಳಿದುಬಂದರು. ಮರುವರ್ಷ ಹೋಗಿ ನೋಡಿದರೆ ಒಲೆ ಇಲ್ಲ. ಮತ್ತೆ ಸಿಗಲೂ ಇಲ್ಲ. ಆ ಬೆಟ್ಟದ ನೀರು ರಿಷಿಗಂಗೆಯಾಗಿ, ಅಲಕನಂದೆಯಾಗಿ, ಗಂಗೆಯಾಗಿ ಹರಿಯುತ್ತದೆ. ಲೋಕಸಭೆಗೆ ಈ ಮಾತು ಬಂದದ್ದು 1978ರ ಏಪ್ರಿಲಿನಲ್ಲಿ, ಅದೂ ಅಮೆರಿಕದ ಒಂದು ಮಾಸಪತ್ರಿಕೆ ಬಯಲು ಮಾಡಿದ ಮೇಲೆ. ಪ್ರಧಾನಿ ಮೊರಾರ್ಜಿ ದೇಸಾಯಿಯವರು ಎದ್ದು ನಿಂತು ಒಪ್ಪಿಕೊಂಡರು. ಸಮಾಜವಾದಿಗಳೂ ಕೂತಿದ್ದ ಜನತಾ ಸರ್ಕಾರ ಅದು. ಆ ಮಟ್ಟಿಗೆ ಅದು ಒಳ್ಳೆಯ ಕೆಲಸ ಮಾಡಿತು. 2021ರ ಫೆಬ್ರವರಿ 7ರಂದು ರಿಷಿಗಂಗೆಯಲ್ಲಿ ಪ್ರವಾಹ ಬಂದು ಇನ್ನೂರಕ್ಕೂ ಹೆಚ್ಚು ಜನ, ಅದರಲ್ಲಿ ಹೆಚ್ಚಿನವರು ಜಲವಿದ್ಯುತ್ ಯೋಜನೆಗಳ ಕೂಲಿಗಳು, ಸತ್ತು ಕಾಣೆಯಾದಾಗ, ರೈಣಿ ಗ್ರಾಮದವರ ಸಂದೇಹ ಆ ಒಲೆಯ ಮೇಲೆ ಹೋಯಿತು. ಬಂಡೆ ಮತ್ತು ಹಿಮ ಕುಸಿದದ್ದೇ ಕಾರಣವೆಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಆದರೆ ಒಮ್ಮೆ ಮುಚ್ಚಿಟ್ಟವನ ಮಾತನ್ನು ಜನ ಐವತ್ತು ವರ್ಷ ಕಳೆದರೂ ನಂಬರು, ತಪ್ಪು ಅವರದ್ದಲ್ಲ.

ಕೆಂಪು ಬಾವುಟದ ರಾಜ್ಯದಲ್ಲಿ ಬೇರೆಯಾಗಿತ್ತೇ? ಇಲ್ಲ. ಸೋವಿಯೆತ್ ಸರ್ಕಾರ ಕಾಡು ಕಡಲತೀರಗಳಲ್ಲಿ ಸ್ಟ್ರಾಂಷಿಯಂ ಒಲೆಗಳನ್ನು ನೂರುಗಟ್ಟಲೆ ಇಟ್ಟಿತ್ತು. ಸರ್ಕಾರ ಬಿತ್ತು, ಒಲೆಗಳು ಉಳಿದವು. 2001ರ ಡಿಸೆಂಬರಿನಲ್ಲಿ ಜಾರ್ಜಿಯಾದ ಕಾಡಿನಲ್ಲಿ ಮೂವರು ಸೌದೆ ಕಡಿಯುವವರಿಗೆ ಎರಡು ಬಿಸಿ ಡಬ್ಬಿಗಳು ಸಿಕ್ಕವು. ಸುತ್ತಲಿನ ಹಿಮ ಕರಗಿತ್ತು. ರಾತ್ರಿ ಚಳಿಗೆ ಬೆನ್ನು ಕಾಯಿಸಿಕೊಂಡು ಮಲಗಿದರು. ಬೆನ್ನಿನ ಚರ್ಮ ಬೆಂದು ಹೋಯಿತು. ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನರಳಿ 2004ರಲ್ಲಿ ತೀರಿಕೊಂಡ. ಆ ಡಬ್ಬಿಗಳ ಬೆಸುಗೆ ಒಡೆದಿರಲಿಲ್ಲ. ಬೆಸುಗೆ ಸರಿಯಾಗಿಯೇ ಇತ್ತು. ಅದು ಅಲ್ಲಿದೆ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ, ಅಷ್ಟೆ.

ಇದಕ್ಕೆ ಎದುರಾಗಿ ಕ್ಯಾಸಿನಿಯನ್ನು ನೋಡಿ. 33 ಕಿಲೋದಷ್ಟು ಪ್ಲುಟೋನಿಯಂ ಹೊತ್ತು ಹೊರಡುವ ಮೊದಲು ಅಪಾಯದ ಲೆಕ್ಕವನ್ನೆಲ್ಲ ಅಮೆರಿಕದ ಸರ್ಕಾರ ಅಚ್ಚುಮಾಡಿ ಹೊರಗಿಡಬೇಕಾಯಿತು. ಅವರ ಕಾನೂನು ಹಾಗಿತ್ತು. ಜನ ಓದಿದರು, ಆಕ್ಷೇಪಿಸಿದರು, ಉಡಾವಣಾ ಕೇಂದ್ರದ ಬೇಲಿಯ ಮುಂದೆ ಧರಣಿ ಕೂತರು. ನೌಕೆ ಹೋಗಿಯೂ ಹೋಯಿತು, ಶನಿಯನ್ನು ತಲಪಿಯೂ ತಲಪಿತು. ಜನರಿಗೆ ಹೇಳಿದ್ದರಿಂದ ಏನೂ ಕೆಡಲಿಲ್ಲ. 1992ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಇದನ್ನೇ ತತ್ವವಾಗಿ ಒಪ್ಪಿತು: ಅಣುಶಕ್ತಿಯ ಮೂಲವನ್ನು ಆಕಾಶಕ್ಕೆ ಒಯ್ಯುವ ದೇಶ ಪ್ರತಿ ಉಡಾವಣೆಗೂ ಮುಂಚೆ ಸುರಕ್ಷತೆಯ ಪರಿಶೀಲನೆ ನಡೆಸಿ ಅದರ ಫಲವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು.

ನಮ್ಮಲ್ಲಿ ಈ ಪ್ರಶ್ನೆ ಹೊಸದಲ್ಲ, ಕೇಳಿದವರು ನಮ್ಮ ನಾಡಿನವರೇ. 1948ರ ಏಪ್ರಿಲಿನಲ್ಲಿ ಅಣುಶಕ್ತಿ ಮಸೂದೆ ಸಂವಿಧಾನ ಸಭೆಯ ಮುಂದೆ ಬಂದಾಗ ಮೈಸೂರಿನ ಪ್ರತಿನಿಧಿ, ಮುಂದೆ ಲೋಕಸಭೆಯ ಉಪಾಧ್ಯಕ್ಷರಾದ ಎಸ್. ವಿ. ಕೃಷ್ಣಮೂರ್ತಿ ರಾಯರು ಇಂಗ್ಲೆಂಡಿನ ಕಾಯಿದೆಯನ್ನು ಪಕ್ಕಕ್ಕಿಟ್ಟು ತೋರಿಸಿ, ಅಲ್ಲಿ ರಕ್ಷಣೆಯ ಸಂಶೋಧನೆಗೆ ಮಾತ್ರ ಇರುವ ಗುಟ್ಟು ಇಲ್ಲಿ ಶಾಂತಿಯ ಕೆಲಸಕ್ಕೂ ಏಕೆ ಎಂದು ಕೇಳಿದರು. ಎರಡನ್ನೂ ಬೇರ್ಪಡಿಸುವುದು ಹೇಗೋ ತಿಳಿಯದು ಎಂಬರ್ಥದ ಉತ್ತರ ನೆಹರೂ ಅವರಿಂದ ಬಂತು. ಆ ಉತ್ತರದ ನೆರಳಿನಲ್ಲೇ ನಮ್ಮ ಅಣು ಇಲಾಖೆ ಬೆಳೆಯಿತು.

ಮಿಲ್ಲಿನ ಬಾಯ್ಲರಿಗೆ ಬೆಸುಗೆ ಹಾಕುವವನು ಪರೀಕ್ಷೆಯಲ್ಲಿ ಪಾಸಾಗಿ ಸರ್ಟಿಫಿಕೇಟು ಪಡೆದಿರಬೇಕೆಂದು 1950ರ ಬಾಯ್ಲರ್ ನಿಯಮಾವಳಿ ಕಟ್ಟುಮಾಡಿತು. ಬೆಸುಗೆ ಯಾರದು, ಪರೀಕ್ಷಿಸಿದವರು ಯಾರು ಎಂಬುದಕ್ಕೆ ಕಾಗದ ಇರುತ್ತದೆ. ಇನ್‌ಸ್ಪೆಕ್ಟರು ಬಂದು ಕೇಳಬಹುದು. ಬಾಯ್ಲರಿಗೆ ಸಲ್ಲುವ ನ್ಯಾಯ ಆಕಾಶದ ಒಲೆಗೂ ಸಲ್ಲಬೇಕು.

ಆದ್ದರಿಂದ ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರಿಗೆ ಈ ವಾರ ಒಂದು ಕಾಗದ ಬರೆದಿದ್ದೇವೆ. ಚಂದ್ರಯಾನ-3ರ ಆ ಎರಡು ಅಗ್ಗಿಷ್ಟಿಕೆಗಳ ಸುರಕ್ಷತಾ ಪರಿಶೀಲನೆಯ ಫಲ ಉಡಾವಣೆಗೆ ಮುಂಚೆ ಪ್ರಕಟವಾಗಿತ್ತೇ, ಆಗಿದ್ದರೆ ಎಲ್ಲಿ ಎಂದು ಸದನದಲ್ಲಿ ಕೇಳಬೇಕೆಂದು ಕೋರಿದ್ದೇವೆ. ಮುಂದಿನ ಇಂಥ ಉಡಾವಣೆಯ ಕಾಗದಪತ್ರವನ್ನು ಮೊದಲೇ ಸಂಸತ್ತಿನ ಮುಂದಿಟ್ಟು ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ ಅಚ್ಚುಮಾಡಿಸುವಿರಾ ಎಂದು ಮಂತ್ರಿಗಳನ್ನು ಕೇಳಬೇಕು. ಈ ಡಬ್ಬಿಗಳನ್ನು ಮಾಡುವ, ಮುಚ್ಚುವ, ಸಾಗಿಸುವ, ಆ ಕೋಣೆಗಳನ್ನು ಗುಡಿಸುವ ಕಾಯಂ ಮತ್ತು ಕಂತ್ರಾಟು ಕೆಲಸಗಾರರೆಲ್ಲರ ಆರೋಗ್ಯದ ದಾಖಲೆಯನ್ನು ಅವರ ಜೀವಮಾನ ಪರ್ಯಂತ ಇಟ್ಟು ಒಂದು ಪ್ರತಿಯನ್ನು ಅವರ ಕೈಗೇ ಕೊಡುವ ಏರ್ಪಾಡು ಇದೆಯೇ ಎಂದೂ ಕೇಳಬೇಕು. ಕಾಗದದ ಪ್ರತಿ ನಮ್ಮ ಕಚೇರಿಯಲ್ಲಿದೆ. ಬಂದು ಓದಬಹುದು, ಒಪ್ಪಿಗೆಯಾದರೆ ಕೆಳಗೆ ರುಜು ಹಾಕಬಹುದು. ಸದಸ್ಯರಿಂದ ಉತ್ತರ ಬಂದರೆ ಇದೇ ಪುಟದಲ್ಲಿ ಅಕ್ಷರಶಃ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.